ನಡುಬಾಗಿಲ ಎರಡು ಕೋಣೆ

ಸಮುದ್ರಯಾನವೆಂದರೆ ವಿಲಾಯತಿಗೆ ಓದಲು ಹೋಗುವ ಬ್ಯಾರಿಸ್ಟರರ ಮಾತು, ಇಲ್ಲವೆ ಮುಂಬಯಿಯಿಂದ ಹಜ್ಜಿಗೆ ಹೊರಡುವ ಯಾತ್ರಿಕರ ಮಾತು ಎಂದು ಬಯಲುಸೀಮೆಯ ಮನೆಗಳು ಬಹಳ ಕಾಲ ಎಣಿಸಿದ್ದುವು. ಆ ಎಣಿಕೆ ಈಗ ಉಳಿದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ವಿಹಾರಯಾನವನ್ನು ಆರಂಭಿಸಿದ ಮೇಲೆ, ರೈಲಿನಲ್ಲಿ ಒಂದು ರಾತ್ರಿ ಕಳೆದರೆ ಹಡಗಿನ ಏಣಿಯ ಬಳಿಗೆ ತಲುಪಬಹುದೆಂಬುದು ಕಲಬುರಗಿ, ವಿಜಯಪುರಗಳ ಸಂಸಾರಗಳಿಗೂ ತಿಳಿದುಬಂದಿದೆ. ನಿವೃತ್ತಿಯ ಹಣ ಕೈಗೆ ಬಂದ ವರ್ಷ, ಹಿರಿಯರಿಗೆ ಷಷ್ಟ್ಯಬ್ದಿ ಮಾಡಿದ ವರ್ಷ, ಪರದೇಶದಲ್ಲಿರುವ ಮಗಳು ರಜೆಗೆ ಬಂದ ವರ್ಷ, ಇಂತಹ ವರ್ಷಗಳಲ್ಲಿ ‘ಒಮ್ಮೆ ಎಲ್ಲರೂ ಕೂಡಿ ಹೋಗೋಣ’ ಎಂಬ ಮಾತು ಊಟದ ಹೊತ್ತಿನಲ್ಲಿ ಹುಟ್ಟುತ್ತದೆ.

ಮಾತು ಹುಟ್ಟಿದೊಡನೆ ಚರ್ಚೆ ಆರಂಭವಾಗುವುದು ಕಿಟಕಿಯ ವಿಷಯದಲ್ಲಿ. ಕಡಲು ಕಾಣುವ ಕೋಣೆಯೋ, ಬಾಲ್ಕನಿಯ ಕೋಣೆಯೋ, ಕಿಟಕಿಯೇ ಇಲ್ಲದ ಒಳಕೋಣೆಯೋ? ಮಕ್ಕಳು ಬಾಲ್ಕನಿಗೆ ಹಟ ಹಿಡಿಯುತ್ತಾರೆ, ಯಜಮಾನರು ದರಪಟ್ಟಿಯನ್ನು ನೋಡಿ ಒಳಕೋಣೆಯ ಗುಣಗಾನ ಮಾಡುತ್ತಾರೆ. ಆದರೆ ಮೂರು ತಲೆಮಾರಿನವರು ಒಟ್ಟಿಗೆ ಹೊರಟಾಗ ಕಿಟಕಿಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ರಾತ್ರಿ ಯಾರು ಯಾವ ಗೋಡೆಯ ಆಚೆ ಮಲಗುತ್ತಾರೆ? ಅವರ ನಡುವೆ ಇರುವುದು ಬರಿಯ ಗೋಡೆಯೋ, ಬಾಗಿಲೋ? ಈ ಪ್ರಶ್ನೆಯನ್ನು ಮನೆಯವರು ಕೇಳಿಕೊಳ್ಳುವ ಹೊತ್ತಿಗೆ ಸಾಮಾನ್ಯವಾಗಿ ಹಣ ಕಟ್ಟಿ ಆಗಿರುತ್ತದೆ.

ಅಫಜಲಪುರ ತಾಲೂಕಿನ ಚೌಡಾಪುರದ ಜನಕ್ಕೆ ಈ ಪ್ರಶ್ನೆ ಹೊಸದಲ್ಲ. ಕಲಬುರಗಿಯಿಂದ ಬರುವ ದಾರಿ ದೇವಲ ಗಾಣಗಾಪುರದ ಕಡೆಗೆ ಹೊರಳುವುದು ಅಲ್ಲಿಯೇ. ಭೀಮಾ-ಅಮರಜಾ ಸಂಗಮದ ಸ್ನಾನಕ್ಕೂ, ಶ್ರೀ ನರಸಿಂಹ ಸರಸ್ವತಿಗಳ ಪಾದುಕೆಗಳ ದರ್ಶನಕ್ಕೂ ಕರ್ನಾಟಕದಿಂದಷ್ಟೇ ಅಲ್ಲದೆ ಮಹಾರಾಷ್ಟ್ರದಿಂದಲೂ ಸಂಸಾರ ಸಂಸಾರವೇ ಇಳಿದುಬರುವುದನ್ನು ಆ ಊರು ಕಂಡಿದೆ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಯ ದಿನಗಳಲ್ಲಿ ಗಾಣಗಾಪುರದಲ್ಲಿ ಒಂದು ಕೋಣೆ ದೊರೆತರೆ ಅದೇ ಭಾಗ್ಯ. ಎರಡು ದೊರೆತರೆ ‘ಹತ್ತಿ-ಹತ್ತಿ ಅವ ಏನ್ರಿ?’ ಎಂದು ಕೇಳುವುದು ಹೆಂಗಸರ ಮೊದಲ ಮಾತು. ಒಂದು ಕೋಣೆ ಕೆಳಗೆ, ಇನ್ನೊಂದು ಮಾಳಿಗೆಯ ಮೇಲೆ ಎಂದಾದರೆ ಮುದುಕಿಯನ್ನು ಎಲ್ಲಿ ಬಿಡುವುದು, ಮಗುವಿನ ಹಾಲನ್ನು ಎಲ್ಲಿ ಕಾಯಿಸುವುದು ಎಂಬ ಚಿಂತೆಯಲ್ಲಿ ದರ್ಶನದ ಸುಖವೇ ಅರ್ಧವಾಗುತ್ತದೆ. ಕಡಲಿನ ಮೇಲೆಯೂ ಸಂಸಾರದ ಚಿಂತೆ ಇದೇ. ಅಲ್ಲಿ ಕೋಣೆಗೆ ಕ್ಯಾಬಿನ್ನೆಂದು ಹೆಸರು, ಮಾಳಿಗೆಗೆ ಡೆಕ್ಕೆಂದು ಹೆಸರು.

ಮಾದರಿಗಾಗಿ ಚೌಡಾಪುರದ ಕಡೆಯ ಒಂದು ಸಂಸಾರವನ್ನು ಓದುಗರು ಭಾವಿಸಬಹುದು. ತೊಗರಿಯ ರಾಶಿ ಮುಗಿದಿದೆ, ಮಕ್ಕಳಿಗೆ ರಜೆ ಇದೆ. 72 ವರ್ಷದ ತಾಯಿ, ಮಗ, ಸೊಸೆ, 14 ವರ್ಷದ ಮೊಮ್ಮಗಳು, 7 ವರ್ಷದ ಮೊಮ್ಮಗ, ಒಟ್ಟು ಐದು ಜನ. ಅವರ ಊರಿನ ಹೊಳೆ ಭೀಮೆ ಪಶ್ಚಿಮಘಟ್ಟದಲ್ಲಿ ಹುಟ್ಟಿಯೂ ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಇವರು ಹೊಳೆಗೆ ಎದುರಾಗಿ ಪಡುವಣಕ್ಕೆ ಹೊರಟವರು.

ಇಂತಹವರು ಮೊದಲು ತಿಳಿಯಬೇಕಾದದ್ದು, ‘ಪಕ್ಕದ ಕೋಣೆ’ ಮತ್ತು ‘ಕೂಡುಕೋಣೆ’ ಎರಡೂ ಒಂದೇ ಅಲ್ಲ ಎಂಬುದನ್ನು. ಪಕ್ಕದ ಕೋಣೆಗಳಿಗೆ ಗೋಡೆ ಮಾತ್ರ ಸಮಾನ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಓಣಿಗೆ ಬಂದು, ಆಚೆಯ ಬಾಗಿಲನ್ನು ತಟ್ಟಬೇಕು. ಕೂಡುಕೋಣೆಗಳಿಗಾದರೋ ಆ ಗೋಡೆಯಲ್ಲಿಯೇ ಒಂದು ಬಾಗಿಲಿರುತ್ತದೆ. ಓಣಿಯ ಬಾಗಿಲುಗಳು ಎರಡೂ ಬೇರೆಯಾಗಿಯೇ ಉಳಿದು, ಒಳಗಿನಿಂದ ಎರಡು ಕೋಣೆಗಳು ಒಂದಾಗುತ್ತವೆ. ಅಪರಿಚಿತರು ಆ ಕೋಣೆಗಳನ್ನು ಹಿಡಿದಾಗ ನಡುಬಾಗಿಲನ್ನು ಹಡಗಿನವರು ಬೀಗ ಹಾಕಿ ಮುಚ್ಚಿಡುತ್ತಾರೆ. ಒಂದೇ ಸಂಸಾರವಾದಾಗ ತೆರೆದುಕೊಡುತ್ತಾರೆ. ಮೂರನೆಯ ಬಗೆಯೂ ಒಂದುಂಟು. ಕೆಲವು ಹಡಗುಗಳಲ್ಲಿ ಗೋಡೆಯಲ್ಲಿ ಬಾಗಿಲಿಲ್ಲದಿದ್ದರೂ ಎರಡು ಬಾಲ್ಕನಿಗಳ ನಡುವಿನ ತಡಿಕೆಯನ್ನು ಪರಿಚಾರಕನು ತೆರೆದುಕೊಡುವುದುಂಟು. ಸಂಜೆ ಎಲ್ಲರೂ ಕುಳಿತು ಹರಟಲು ಅದು ಸೊಗಸು. ಆದರೆ ನಡುರಾತ್ರಿ ತಾಯಿಯ ನರಳಿಕೆ ಕೇಳಿದಾಗ ಅದನ್ನು ನಂಬುವಂತಿಲ್ಲ. 7 ವರ್ಷದ ಹುಡುಗನೊಬ್ಬನು ಆ ದಾರಿಯಲ್ಲಿ ಒಂಟಿಯಾಗಿ ಓಡಾಡುವುದಂತೂ ಯಾವ ತಾಯಿಗೂ ಒಪ್ಪಿಗೆಯಾಗದು.

ಹಡಗಿನ ನಕ್ಷೆಯಲ್ಲಿ ಕೂಡುಕೋಣೆಗಳನ್ನು ಒಂದು ಸಣ್ಣ ಗುರುತಿನಿಂದ ತೋರಿಸಿರುತ್ತಾರೆ. ಎರಡು ಕೋಣೆಗಳ ನಡುವಿನ ಗೆರೆಯ ಮೇಲೆ ಕೂರಿಸಿದ ಇಮ್ಮೊಗದ ಬಾಣ ಒಂದು ಕಂಪನಿಯದಾದರೆ, ತ್ರಿಕೋಣ ಇನ್ನೊಂದರದು. ನಕ್ಷೆಯ ಮೂಲೆಯಲ್ಲಿರುವ ಗುರುತುಗಳ ವಿವರಣೆಯನ್ನು ಓದದೆ ಕೋಣೆ ಹಿಡಿಯುವುದು ಪಂಚಾಂಗ ನೋಡದೆ ಮುಹೂರ್ತವಿಟ್ಟ ಹಾಗೆ. ಕೋಣೆಯ ಸಂಖ್ಯೆಯನ್ನು ನಂಬಿ ಮೋಸಹೋದವರೂ ಕಡಮೆಯಿಲ್ಲ. 6102 ಮತ್ತು 6103 ನೆರೆಹೊರೆಯೆಂದು ಭಾವಿಸುವುದು ಸಹಜ. ಆದರೆ ಅನೇಕ ಹಡಗುಗಳಲ್ಲಿ ಸಮಸಂಖ್ಯೆಗಳೆಲ್ಲ ಒಂದು ಮಗ್ಗುಲಿಗೆ, ಬೆಸಸಂಖ್ಯೆಗಳೆಲ್ಲ ಇನ್ನೊಂದು ಮಗ್ಗುಲಿಗೆ ಇರುತ್ತವೆ. 6102ರ ನೆರೆಮನೆ 6104. 6103 ಇರುವುದು ಹಡಗಿನ ಆಚೆಯ ದಡದಲ್ಲಿ!

ಇನ್ನು ‘ಗ್ಯಾರಂಟಿ’ ಎಂಬ ಹೆಸರಿನ ಅಗ್ಗದ ಟಿಕೇಟೊಂದುಂಟು. ಹೆಸರನ್ನು ಕೇಳಿದರೆ ಬಹಳ ಭದ್ರವಾದುದೆಂದು ತೋರುತ್ತದೆ. ಅದರಲ್ಲಿ ಭದ್ರವಾಗಿರುವುದು ಕೋಣೆಯ ದರ್ಜೆ ಮಾತ್ರ. ಯಾವ ಕೋಣೆ, ಯಾವ ಡೆಕ್ಕು ಎಂಬುದನ್ನು ಕಂಪನಿಯವರು ತಮಗೆ ಅನುಕೂಲವಾದ ಹೊತ್ತಿನಲ್ಲಿ ಗೊತ್ತುಮಾಡುತ್ತಾರೆ. ಒಂಟಿ ಪ್ರಯಾಣಿಕರಿಗೂ ನವದಂಪತಿಗಳಿಗೂ ಅದು ಲಾಭದ ಮಾತು. ವೃದ್ಧೆಯೊಬ್ಬಳನ್ನು ಕರೆದೊಯ್ಯುವ ಸಂಸಾರ ಆ ಉಳಿತಾಯದ ಆಸೆಗೆ ಬೀಳಬಾರದು. ಕೂಡುಕೋಣೆಗಳು ಪ್ರತಿ ಡೆಕ್ಕಿನಲ್ಲಿಯೂ ಕೆಲವೇ ಇರುವುದರಿಂದ ಅವನ್ನು ತಿಂಗಳುಗಳ ಮೊದಲೇ ಹೆಸರು ಹೇಳಿ, ಸಂಖ್ಯೆ ಹೇಳಿ ಹಿಡಿಯಬೇಕು. ‘ಪಕ್ಕಪಕ್ಕದಲ್ಲಿ ಕೊಡಿ’ ಎಂದು ಏಜೆಂಟನಿಗೆ ಹೇಳಿ ಸುಮ್ಮನಾಗುವುದು ಸಾಲದು. ‘ನಡುವೆ ಬಾಗಿಲಿದೆಯೇ?’ ಎಂಬ ಒಂದೇ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಪಡೆಯುವುದು ಲೇಸು. ಹಳೆಯ ಹಡಗುಗಳ ವಿಷಯದಲ್ಲಂತೂ ಇದು ಅಗತ್ಯ. ಎಂಪ್ರೆಸ್ಸೇ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಸೇವೆಗಿಳಿದು ದುಡಿದ ಹಡಗು. ಆ ಕಾಲದ ಕೋಣೆಗಳು ಇಂದಿನ ಹೊಸ ಹಡಗುಗಳ ಕೋಣೆಗಳಿಗಿಂತ ಕಿರಿದು. ಐದು ಜನ ಒಂದೇ ಕೋಣೆಯಲ್ಲಿ ಹೇಗಾದರೂ ಹೊಂದಿಕೊಳ್ಳುತ್ತೇವೆ ಎಂಬ ನಮ್ಮವರ ಧೈರ್ಯ ಅಲ್ಲಿ ನಡೆಯುವುದಿಲ್ಲ. ಮಂಚಗಳು ಇದ್ದಷ್ಟೇ ಜನ.

ನಡುಬಾಗಿಲು ಹೊಸ ಕಾಲದ ವಿಲಾಸವೆಂದು ತಿಳಿಯಬೇಕಾಗಿಲ್ಲ. 1912ರ ಏಪ್ರಿಲ್ 15ರಂದು ಮುಳುಗಿದ ಟೈಟಾನಿಕ್ ಹಡಗಿನ ಮೊದಲ ದರ್ಜೆಯಲ್ಲಿ ಕೋಣೆಗಳ ನಡುವೆ ಬಾಗಿಲುಗಳಿದ್ದುವು. ಸಿರಿವಂತರು ಎರಡು ಮೂರು ಕೋಣೆಗಳನ್ನು ಕೂಡಿಸಿ, ಮಕ್ಕಳಿಗೊಂದು, ದಾದಿಯರಿಗೊಂದು ಎಂದು ಹಂಚಿಕೊಳ್ಳಬಹುದಾಗಿತ್ತು. ಮೂರನೆಯ ದರ್ಜೆಯಲ್ಲಿ ಒಂಟಿ ಗಂಡಸರಿಗೆ ಹಡಗಿನ ಮುಂಭಾಗ, ಸಂಸಾರವಂದಿಗರಿಗೂ ಒಂಟಿ ಹೆಂಗಸರಿಗೂ ಹಿಂಭಾಗ. ನಮ್ಮ ಪಡುಗಡಲಿನ ಕತೆ ಇನ್ನೂ ಸರಳ. ಮುಂಬಯಿ, ಗೋವಾ, ಕಾರವಾರ, ಮಂಗಳೂರುಗಳ ನಡುವೆ ಉಗಿಹಡಗುಗಳು ಓಡಾಡುತ್ತಿದ್ದ ಕಾಲದಲ್ಲಿ ಬಹುಮಂದಿಗೆ ಡೆಕ್ಕೇ ಗತಿ. ಹತ್ತಿದೊಡನೆ ಜಮಖಾನ ಹಾಸಿ, ಟ್ರಂಕನ್ನು ತಲೆದೆಸೆಗಿಟ್ಟು, ಮುದುಕರನ್ನೂ ಮಕ್ಕಳನ್ನೂ ನಡುವೆ ಮಲಗಿಸಿ ಗಂಡಸರು ಅಂಚಿಗೆ ಮಲಗಿದರೆ ಅದೇ ಕೂಡುಕೋಣೆ. ಗೋಡೆಯೂ ಇಲ್ಲ, ಚಿಲಕವೂ ಇಲ್ಲ. ಆ ಏರ್ಪಾಟಿನಲ್ಲಿ ಯಾರಿಗೂ ಒಂಟಿತನವಿರಲಿಲ್ಲ ಎಂಬುದು ನಿಜ. ಯಾವ ಹೆಂಗಸಿಗೂ ಮರೆಯಿರಲಿಲ್ಲ ಎಂಬುದೂ ಅಷ್ಟೇ ನಿಜ.

ಈಗ ಹಣದ ಮಾತು. ಎರಡು ಕೋಣೆ ಎಂದೊಡನೆ ಎರಡು ಪಟ್ಟು ಖರ್ಚೆಂದು ಯಜಮಾನರು ಹೆದರುವುದು ಸಹಜ. ಲೆಕ್ಕ ಹಾಕಿ ನೋಡಿದರೆ ಹೆದರಿಕೆ ಕಡಮೆಯಾಗುತ್ತದೆ. ಹಡಗಿನ ದರ ಸಾಮಾನ್ಯವಾಗಿ ‘ಒಂದು ಕೋಣೆಗೆ ಇಬ್ಬರು’ ಎಂಬ ಎಣಿಕೆಯ ಮೇಲೆ ನಿಂತಿರುತ್ತದೆ. ಮೊದಲ ಇಬ್ಬರಿಗೆ ಪೂರ್ಣ ದರ, ಮೂರನೆಯ ಮತ್ತು ನಾಲ್ಕನೆಯವರಿಗೆ ಕಡಮೆ ದರ. ಕೋಣೆಯಲ್ಲಿ ಒಬ್ಬರೇ ಇದ್ದರೂ ಹೆಚ್ಚುಕಡಮೆ ಇಬ್ಬರ ಹಣವನ್ನೇ ತೆರಬೇಕಾಗುವುದು ಸಾಮಾನ್ಯ. ನಾಲ್ಕು ಜನ ಒಂದು ಕೋಣೆಯಲ್ಲಿ ಮಲಗಿ ‘ಅವ್ವ ಆರಾಮವಾಗಿರಲಿ’ ಎಂದು ತಾಯಿಗೆ ಬೇರೊಂದು ಕೋಣೆ ಹಿಡಿದರೆ ಒಟ್ಟು ನಾಲ್ಕು ಪೂರ್ಣ ದರ, ಎರಡು ಕಡಮೆ ದರ. ಅಜ್ಜಿ-ಮೊಮ್ಮಗಳು ಒಂದು ಕೋಣೆ, ದಂಪತಿಗಳು ಮತ್ತು ಹುಡುಗ ಇನ್ನೊಂದು ಕೋಣೆ ಎಂದು ಮಾಡಿದರೆ ನಾಲ್ಕು ಪೂರ್ಣ ದರ, ಒಂದೇ ಕಡಮೆ ದರ. ಜೊತೆಗೆ ಎರಡು ಬಚ್ಚಲುಮನೆ. ಬೆಳಿಗ್ಗೆ ಏಳು ಗಂಟೆಗೆ ಐದು ಜನ ಒಂದೇ ಬಚ್ಚಲಿನ ಬಾಗಿಲು ಕಾಯುವ ದೃಶ್ಯವನ್ನು ನೆನೆದರೆ ಈ ಎರಡನೆಯ ಬಚ್ಚಲಿನ ಬೆಲೆ ತಿಳಿದೀತು.

ಹೀಗೆ ಲೆಕ್ಕವೂ ಅನುಕೂಲವೂ ಒಂದೇ ಕಡೆಗೆ ಕೈತೋರಿಸಿದಾಗ ಮನೆಯವರು ಸುಲಭವಾಗಿ ಮರೆಯುವ ಇಬ್ಬರಿದ್ದಾರೆ. ಒಬ್ಬಳು ಆ 14 ವರ್ಷದ ಹುಡುಗಿ. ‘ಅಜ್ಜಿಯ ಕೂಡ ನೀನು ಮಲಗು’ ಎಂದು ಹೇಳುವುದು ಸುಲಭ. ಅಜ್ಜಿ ರಾತ್ರಿ ಎರಡು ಬಾರಿ ಏಳುತ್ತಾಳೆ, ಹಡಗು ತೂಗುತ್ತಿದೆ, ಬಚ್ಚಲಿಗೆ ಹೋಗುವಾಗ ಕೈಹಿಡಿಯಬೇಕು, ಮಾತ್ರೆಯ ಡಬ್ಬಿ ಎಲ್ಲಿದೆ ಎಂದು ತಿಳಿದಿರಬೇಕು. ರಜೆಯೆಂದು ಹೊರಟ ಮಗುವನ್ನು ರಾತ್ರಿಯ ದಾದಿಯನ್ನಾಗಿ ಮಾಡಿ, ಹಿರಿಯರು ಬಾಗಿಲು ಮುಚ್ಚಿ ಮಲಗುವುದು ನ್ಯಾಯವಲ್ಲ. ನಡುಬಾಗಿಲಿನ ನಿಜವಾದ ಪ್ರಯೋಜನ ಇಲ್ಲಿದೆ. ‘ಅಪ್ಪಾ’ ಎಂದು ಒಂದು ಸಲ ಕೂಗಿದರೆ ತಂದೆ ಎರಡು ಹೆಜ್ಜೆಯಲ್ಲಿ ಬರುತ್ತಾನೆ. ಓಣಿಯ ಭಾರವಾದ ಬಾಗಿಲು, ಅದು ತಾನಾಗಿ ಮುಚ್ಚಿಕೊಂಡರೆ ಕಾರ್ಡು ಒಳಗೇ ಉಳಿಯುವ ಪೇಚು, ಇವು ಯಾವುವೂ ಇಲ್ಲ.

ಇನ್ನೊಬ್ಬಳು ಆ ತಾಯಿಯೇ. ಕೋಣೆಗಳ ಚರ್ಚೆಯಲ್ಲಿ ಅವಳ ಕಾಲುನೋವು, ಸಕ್ಕರೆ ಕಾಯಿಲೆ, ಔಷಧದ ಹೊತ್ತು ಎಲ್ಲವೂ ಬರುತ್ತವೆ. ಅವಳ ಅಭಿಪ್ರಾಯ ಮಾತ್ರ ಬರುವುದಿಲ್ಲ. ಶಹಾಬಾದ ಕಲ್ಲಿನ ಪಡಸಾಲೆಯ ಮನೆಯಲ್ಲಿ ಐವತ್ತು ವರ್ಷ ಸಂಸಾರ ನಡೆಸಿದವಳಿಗೆ ಎಲ್ಲರ ನಡುವೆ ಮಲಗಿ ಅಭ್ಯಾಸವಿದೆ ಎಂದು ಮಗ ನಂಬಿರುತ್ತಾನೆ. ಅವನು ಒಮ್ಮೆ ನಕ್ಷೆಯನ್ನು ಅವಳ ಮುಂದೆ ಹರವಿದರೆ ಮಾತು ಹೀಗೆ ನಡೆದೀತು:

‘ಅವ್ವಾ, ನಡುವ ಬಾಗಲಾ ಇರೋ ಎರಡು ಕ್ವಾಣಿ ಅವ. ಅವೇ ಹಿಡೀಲೇನು?’

‘ಬಾಗಲಾ ಇರಲಿ ತಮ್ಮಾ. ಚಿಲಕ ಎಲ್ಲೈತಿ?’

‘ಚಿಲಕ ಯಾಕ ಬೇಕವ್ವಾ? ನಾವೇ ಇರ್ತೀವಲ್ಲ.’

‘ನೀವೇ ಇರ್ತೀರಿ ಅಂತನ ಕೇಳಾಕತ್ತೀನಿ. ನಾ ಮೈ ತೊಳಕೊಂಡು ಸೀರಿ ಉಡೂ ಹೊತ್ತಿಗಿ ಹುಡುಗ ದಡಾದಡಾ ಬಂದ್ರ ಹ್ಯಾಂಗ? ಮನ್ಯಾಗ ದೇವರ ಖೋಲಿ ಬಾಗಲಾ ಹಾಕ್ಕೊಂಡು ಒಂದು ತಾಸು ಕುಂದರ್ತೀನಿ. ಅದೊಂದು ತಾಸು ನನಗ ಬೇಕು.’

ಇದು ಹಟವಲ್ಲ. ಬೇರೆ ಯಾವ ಆಸ್ತಿಯನ್ನೂ ತನ್ನದೆಂದು ಹೇಳಿಕೊಳ್ಳದ ಹೆಂಗಸು ಒಂದು ಚಿಲಕವನ್ನು ತನ್ನದೆಂದು ಕೇಳಿದಾಗ ಅದನ್ನು ಕೊಡದಿರುವುದು ಕ್ರೌರ್ಯವಾಗುತ್ತದೆ. ಅದೃಷ್ಟವಶಾತ್ ನಡುಬಾಗಿಲಿಗೆ ಸಾಮಾನ್ಯವಾಗಿ ಎರಡೂ ಬದಿಗೆ ಚಿಲಕವಿರುತ್ತದೆ. ಎರಡೂ ಕಡೆಯವರು ತೆಗೆದಾಗಲೇ ಅದು ತೆರೆಯುವುದು. ಈ ಏರ್ಪಾಟು ಅಪರಿಚಿತರಿಗಾಗಿ ಹುಟ್ಟಿದ್ದರೂ ಸ್ವಂತದವರಿಗೂ ಅದರಿಂದ ಉಪಕಾರವುಂಟು. ಹಗಲು ತಾಯಿಯ ಚಿಲಕ ತಾಯಿಯ ಇಚ್ಛೆಗೆ, ರಾತ್ರಿ ಎರಡೂ ಚಿಲಕ ತೆರೆದು ಬಾಗಿಲನ್ನು ಒರಗಿಸಿಡುವುದು ಎಂದು ಮೊದಲ ದಿನವೇ ಮಾತಾಗಬೇಕು. ಸೊಸೆಯ ಕಡೆಯಿಂದ ನೋಡಿದರೂ ಇದೇ ಸರಿ. ಅತ್ತೆ ಯಾವ ಹೊತ್ತಿಗೆ ಒಳಗೆ ಬಂದಾರೋ ಎಂದು ಅವಳು ಸೆರಗು ಸರಿಪಡಿಸಿಕೊಳ್ಳುತ್ತ ಕೂರುವ ರಜೆ ರಜೆಯಲ್ಲ.

ನಡುಬಾಗಿಲಿಗೆ ದೋಷಗಳೂ ಇವೆ. ಮಾರುವವರು ಅವನ್ನು ಹೇಳುವುದಿಲ್ಲ. ಗೋಡೆಗಿಂತ ಬಾಗಿಲು ಸದ್ದನ್ನು ಹೆಚ್ಚು ಬಿಡುತ್ತದೆ. ಕೆಳಗಿನ ಸಂದಿನಿಂದ ದೀಪದ ಬೆಳಕೂ ಹಾಯುತ್ತದೆ. ಮಗನ ಗೊರಕೆ ತಾಯಿಗೂ, ತಾಯಿಯ ಬೆಳಗಿನ ಸ್ತೋತ್ರ ಮೊಮ್ಮಗನಿಗೂ ಕೇಳಿಸದೆ ಇರದು. ಬಾಗಿಲಿರುವ ಕಡೆ ಸಾಮಾನು ಇಡುವಂತಿಲ್ಲವಾದ್ದರಿಂದ ಕೆಲವು ಕೋಣೆಗಳಲ್ಲಿ ಸೋಫಾ ಕಿರಿದಾಗುತ್ತದೆ, ಇಲ್ಲವೆ ಇರುವುದೇ ಇಲ್ಲ. ಹುಡುಗನಿಗೆ ಮಂಚವಾಗಬೇಕಾದದ್ದು ಆ ಸೋಫಾವೇ ಆದರೆ ಪೇಚು. ಗೋಡೆಯಿಂದ ಇಳಿಬಿಡುವ ಮೇಲ್ಮಂಚ ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ಹಾಗೆಯೇ, ಸಂಸಾರವಿಲ್ಲದೆ ಇಬ್ಬರೇ ಹೋಗುವವರು ಕೂಡುಕೋಣೆಗೆ ಬೀಳದಂತೆ ನೋಡಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಬೀಗ ಹಾಕಿದ ಬಾಗಿಲಿನ ಆಚೆಯಿಂದ ಯಾರದೋ ಮನೆಯ ಜಗಳವನ್ನು ಮೂರು ರಾತ್ರಿ ಕೇಳಬೇಕಾದೀತು.

ಎಲ್ಲಿಯ ಕೂಡುಕೋಣೆ ಎಂಬುದೂ ವಿಚಾರಾರ್ಹ. ಹಡಗು ತೂಗುವುದು ಎರಡು ತುದಿಗಳಲ್ಲಿಯೂ ಮೇಲಿನ ಡೆಕ್ಕುಗಳಲ್ಲಿಯೂ ಹೆಚ್ಚು. ನಡುಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ ಕಡಮೆ. ತಲೆಸುತ್ತಿನ ಭಯವಿರುವವರಿಗೆ ನಡುವೇ ಮೇಲು. ಈಜುಕೊಳದ ಡೆಕ್ಕಿನ ನೇರ ಕೆಳಗಿನ ಕೋಣೆಯಲ್ಲಿ ಬೆಳಗಿನ ಜಾವದಿಂದ ಕುರ್ಚಿ ಎಳೆಯುವ ಸದ್ದು, ನಾಟಕಶಾಲೆಯ ಮೇಲಿನ ಕೋಣೆಯಲ್ಲಿ ನಡುರಾತ್ರಿಯವರೆಗೆ ವಾದ್ಯದ ಸದ್ದು. ಲಿಫ್ಟು ಹತ್ತಿರವಿರಬೇಕು, ಆದರೆ ಎದುರಿಗೇ ಬೇಡ. ಅನೇಕ ಹಡಗುಗಳಲ್ಲಿ, ಹಳೆಯವುಗಳಲ್ಲಿ ಹೆಚ್ಚಾಗಿ, ಬಚ್ಚಲಿನ ಬಾಗಿಲಿಗೆ ಎತ್ತರದ ಹೊಸ್ತಿಲಿರುತ್ತದೆ. ನೀರು ಕೋಣೆಗೆ ಹರಿಯದಿರಲೆಂದು ಮಾಡಿದ ಆ ಹೊಸ್ತಿಲು ಮಂಡಿನೋವಿನ ಮುದುಕಿಗೆ ಕತ್ತಲೆಯಲ್ಲಿ ಶತ್ರು. ಮನೆಯಿಂದ ಒಂದು ಸಣ್ಣ ರಾತ್ರಿದೀಪ ಒಯ್ಯುವುದು ಒಳಿತು. ಹಡಗಿನವರು ಯಾವ ಬಗೆಯದನ್ನು ಒಪ್ಪುತ್ತಾರೆಂದು ಮೊದಲೇ ಕೇಳಿಕೊಂಡರೆ ಬಂದರಿನಲ್ಲಿ ಅದನ್ನು ಒಪ್ಪಿಸಿ ಹೋಗುವ ಪ್ರಸಂಗ ಬಾರದು.

ಇಬ್ಬರು ಮಕ್ಕಳನ್ನೇ ಒಂದು ಕೋಣೆಯಲ್ಲಿ, ಹಿರಿಯರನ್ನು ಇನ್ನೊಂದರಲ್ಲಿ ಬರೆಸಲು ಹೋದರೆ ಬಹಳ ಕಂಪನಿಗಳು ಒಪ್ಪುವುದಿಲ್ಲ. ಪ್ರತಿ ಕೋಣೆಗೂ ಒಬ್ಬ ಪ್ರೌಢರ ಹೆಸರು ಬೇಕೆನ್ನುತ್ತಾರೆ. ಕೂಡುಕೋಣೆಯಾದರೆ ಕೆಲವರು ವಿನಾಯಿತಿ ಕೊಡುತ್ತಾರೆ, ಉಳಿದ ಕಡೆ ಗಂಡನನ್ನು ಒಂದು ಕೋಣೆಗೆ, ಹೆಂಡತಿಯನ್ನು ಇನ್ನೊಂದಕ್ಕೆ ಬರೆಸಿ, ಹತ್ತಿದ ಮೇಲೆ ಬೇಕಾದಂತೆ ಮಲಗುವುದೇ ರೂಢಿ. ಮಂಚ ಖಾಲಿಯಿದ್ದರೂ ‘ಮೂರನೆಯವರಿಗೆ ಜಾಗವಿಲ್ಲ’ ಎಂಬ ಉತ್ತರ ಬರುವುದುಂಟು. ಅದಕ್ಕೆ ಕಾರಣ ಮಂಚವಲ್ಲ, ಜೀವರಕ್ಷಕ ದೋಣಿ. ಹಡಗಿನ ಆ ಭಾಗಕ್ಕೆ ಗೊತ್ತಾದ ದೋಣಿಗಳಲ್ಲಿ ಎಷ್ಟು ಜನಕ್ಕೆ ಸ್ಥಳವಿದೆಯೋ ಅಷ್ಟೇ ಜನರನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಹೀಗಾಗಿ ಐದು ಜನರ ಸಂಸಾರ ತಡಮಾಡಿದರೆ ಐದನೆಯವನಿಗಾಗಿ ಕೋಣೆಗಳೆರಡೂ ಕೈಬಿಟ್ಟುಹೋಗಬಹುದು.

ದೋಣಿಯ ಮಾತು ಬಂದಾಗ ಮಕ್ಕಳು ಹೆದರಿದರೆ ಹೆದರಲಿ, ಅದನ್ನು ಮುಚ್ಚಿಡಬೇಕಾಗಿಲ್ಲ. 2012ರ ಜನವರಿ 13ರಂದು ಇಟಲಿಯ ದಡದಲ್ಲಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಅಂದು ಹಡಗು ಹತ್ತಿದವರಲ್ಲಿ ನೂರಾರು ಮಂದಿಗೆ ಎಲ್ಲಿ ಸೇರಬೇಕೆಂಬುದರ ಅಭ್ಯಾಸವೇ ಇನ್ನೂ ಆಗಿರಲಿಲ್ಲ. 2015ರಿಂದ ಅಂತರರಾಷ್ಟ್ರೀಯ ನಿಯಮವೇ ಬದಲಾಗಿ, ಹಡಗು ಹೊರಡುವ ಮೊದಲು ಇಲ್ಲವೆ ಹೊರಟ ತಕ್ಷಣ ಈ ಅಭ್ಯಾಸ ನಡೆಯಲೇಬೇಕು. ಪ್ರತಿಯೊಬ್ಬರ ಕಾರ್ಡಿನ ಮೇಲೆ ಸೇರಬೇಕಾದ ಸ್ಥಳದ ಗುರುತಿರುತ್ತದೆ. ಎರಡು ಕೋಣೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಡೆಕ್ಕಿನಲ್ಲಿ ಹಿಡಿದ ಸಂಸಾರಗಳಲ್ಲಿ ಅಜ್ಜಿಯ ಸ್ಥಳ ಒಂದು, ಮಗನ ಸ್ಥಳ ಇನ್ನೊಂದು ಆಗುವುದುಂಟು. ಕೂಡುಕೋಣೆಯವರಿಗೆ ಆ ತೊಡಕು ಬಾರದಿರುವುದೇ ಹೆಚ್ಚು. ಆದರೂ ಐದು ಕಾರ್ಡುಗಳನ್ನು ಒಟ್ಟಿಗಿಟ್ಟು ಆ ಅಕ್ಷರವನ್ನು ಹೋಲಿಸಿ ನೋಡುವುದಕ್ಕೆ ಒಂದು ನಿಮಿಷ ಸಾಕು. ಬೇರೆಯಾಗಿದ್ದರೆ ಆಗಲೇ ಸ್ವಾಗತ ಕಚೇರಿಗೆ ಹೋಗಿ ಹೇಳಬೇಕು.

ಹತ್ತಿದ ಸಂಜೆ ಸಾಮಾನು ಬಿಚ್ಚುವ ಮೊದಲು ಪರಿಚಾರಕನನ್ನು ಕರೆದು ನಡುಬಾಗಿಲನ್ನು ತೆರೆಸಬೇಕು. ಅದು ತಾನಾಗಿ ತೆರೆದಿರುವುದಿಲ್ಲ. ತೆರೆದ ಮೇಲೆ ಎರಡು ಬದಿಯ ಚಿಲಕವನ್ನೂ ಹಾಕಿ, ತೆಗೆದು ನೋಡಬೇಕು. ತಾಯಿಯ ಬದಿಯದನ್ನು ತಾಯಿಯೇ, ತನ್ನ ಕೈಯಿಂದ, ಒಮ್ಮೆ ದೀಪ ಆರಿಸಿ. ಅವಳ ಬೆರಳಿಗೆ ಅದು ಬಿಗಿಯಾದರೆ ಹಡಗು ಬಂದರಿನಲ್ಲಿರುವಾಗಲೇ ಸಡಿಲ ಮಾಡಿಸಿಕೊಳ್ಳಬೇಕು. ಎರಡು ಕೋಣೆಗಳಲ್ಲಿ ಯಾವುದು ಅವಳದೆಂಬುದನ್ನು ಅಲ್ಲಿಯವರೆಗೆ ಗೊತ್ತುಮಾಡದಿದ್ದರೆ ಇನ್ನೂ ಒಳ್ಳೆಯದು. ಹೊಸ್ತಿಲು, ದೀಪದ ಗುಂಡಿ, ಮಂಚದ ಎತ್ತರ ಎಲ್ಲವನ್ನೂ ನೋಡಿ ಅವಳೇ ಆರಿಸಿಕೊಳ್ಳಲಿ.